ವಿದೇಶದಲ್ಲಿ ಅನ್‌ಲಾಕ್ ಫೋನ್: ಅಲ್ಲಿಯ ಸಿಮ್ ಹಾಕಿ, ಇಲ್ಲಿಯ ನಂಬರ್ ಕಳೆದುಕೊಳ್ಳಬೇಡಿ



ಮಗನೋ ಮಗಳೋ ಮೊಮ್ಮಕ್ಕಳೋ ಹೊರದೇಶದಲ್ಲಿರುವ ಮನೆಗಳು ಈಗ ನಮ್ಮ ಸಮಾಜದಲ್ಲಿ ಬಹಳ. ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದ ಹಿರಿಯರು ನಾಲ್ಕೈದು ತಿಂಗಳು ಅಲ್ಲೇ ಉಳಿಯುತ್ತಾರೆ. ವ್ಯಾಪಾರಕ್ಕೆ ದುಬೈ, ಸಿಂಗಾಪುರ, ಆಂಟ್‌ವರ್ಪ್‌ಗೆ ಹೋಗಿಬರುವವರೂ ಇದ್ದಾರೆ. ಹೊರಡುವಾಗ ಚಟ್ನಿಪುಡಿ, ಔಷಧಿ, ಪೂಜಾ ಪುಸ್ತಕ ಎಲ್ಲವನ್ನೂ ನೆನಪಿಟ್ಟು ಕಟ್ಟುತ್ತೇವೆ. ಫೋನಿನ ವಿಚಾರ ಮಾತ್ರ ವಿಮಾನ ನಿಲ್ದಾಣದಲ್ಲಿ ನೆನಪಾಗುತ್ತದೆ.

ನಾನೂ ಹಾಗೇ ಮಾಡಿದವನು. ಮೊದಲ ಸಲ ನ್ಯೂಜೆರ್ಸಿಗೆ ಮಗಳ ಮನೆಗೆ ಹೋದಾಗ, ಅಲ್ಲಿಯ ಸಿಮ್ ಹಾಕಿಕೊಂಡು ನಮ್ಮ ಊರಿನ ಸಿಮ್ ತೆಗೆದು ಪರ್ಸಿನಲ್ಲಿಟ್ಟೆ. ಎರಡು ತಿಂಗಳ ನಂತರ ಊರಲ್ಲಿ ನಮ್ಮಣ್ಣನನ್ನು ಆಸ್ಪತ್ರೆಗೆ ಸೇರಿಸಿದರು. ತಕ್ಷಣ ಹಣ ಕಳಿಸಬೇಕಾಗಿತ್ತು. ಬ್ಯಾಂಕಿನ ಓಟಿಪಿ ಬರಲಿಲ್ಲ. ಹಳೆಯ ಸಿಮ್ ಹುಡುಕಿ ಹಾಕಿದೆ. ಹೊರಡುವ ಮೊದಲು ರೋಮಿಂಗ್ ಚಾಲೂ ಮಾಡಿಸಿರಲಿಲ್ಲ, ಹಾಗಾಗಿ ಸಿಗ್ನಲ್ಲೇ ಇಲ್ಲ. ರೋಮಿಂಗ್ ಚಾಲೂ ಮಾಡಲು ಕಂಪನಿಯ ಆ್ಯಪ್ ತೆರೆದರೆ ಅದೂ ಅದೇ ನಂಬರಿಗೆ ಓಟಿಪಿ ಕಳಿಸುತ್ತೇನೆ ಎಂದಿತು. ಖಾತೆಯಲ್ಲಿ ಹಣ ಇದ್ದೂ ಕಳಿಸಲಾಗಲಿಲ್ಲ. ಆ ದಿನ ಪಕ್ಕದ ಅಂಗಡಿಯವರು ಹಣ ಕಟ್ಟಿ ಮಾನ ಉಳಿಸಿದರು.

ಆ ಮೇಲೆ ಕಲಿತದ್ದನ್ನೂ, ಪ್ರವಾಸಕ್ಕೆ ಹೊರಟ ಸಾಧರ್ಮಿಗಳಿಗೆ ಹೇಳುತ್ತ ಬಂದದ್ದನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಸಾರ ಇಷ್ಟೇ: ಅನ್‌ಲಾಕ್ ಆದ ಫೋನಿಗೆ ಯಾವ ದೇಶದ ಸಿಮ್ ಬೇಕಾದರೂ ಹಾಕಬಹುದು, ಆದರೆ ನಮ್ಮ ಭಾರತದ ನಂಬರ್ ಫೋನಿನಿಂದ ಹೊರಗೆ ಹೋಗಬಾರದು.

ಅನ್‌ಲಾಕ್ ಎಂದರೇನು?

ಪರದೆಗೆ ಹಾಕುವ ಪಿನ್ ಅಥವಾ ಬೆರಳಚ್ಚಿನ ಲಾಕ್‌ಗೂ ಇದಕ್ಕೂ ಸಂಬಂಧವಿಲ್ಲ. ಕೆಲವು ದೇಶಗಳಲ್ಲಿ ಮೊಬೈಲ್ ಕಂಪನಿಗಳೇ ಕಂತಿನ ಮೇಲೆ ಫೋನ್ ಮಾರುತ್ತವೆ. ಕಂತು ತೀರುವವರೆಗೆ ಆ ಫೋನ್ ಅದೇ ಕಂಪನಿಯ ಸಿಮ್‌ಗೆ ಮಾತ್ರ ಕೆಲಸ ಮಾಡುವಂತೆ ಬೀಗ ಹಾಕಿರುತ್ತವೆ. ಇದು ಲಾಕ್ ಆದ ಫೋನ್. ಆ ಬೀಗ ಇಲ್ಲದ್ದು ಅನ್‌ಲಾಕ್ ಫೋನ್.

ನಮ್ಮ ದೇಶದ ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟು ಕೊಂಡ ಸ್ಮಾರ್ಟ್‌ಫೋನ್ ಬಹುತೇಕ ಅನ್‌ಲಾಕ್ ಆಗಿಯೇ ಇರುತ್ತದೆ. ಜಿಯೋಫೋನ್, ಜಿಯೋಭಾರತ್‌ನಂಥ ಕಡಿಮೆ ಬೆಲೆಯ ಫೋನುಗಳು ಜಿಯೋ ಸಿಮ್‌ಗೆ ಮಾತ್ರ. ತೊಂದರೆ ಹೆಚ್ಚಾಗಿ ಬರುವುದು ಮಕ್ಕಳು ಅಮೆರಿಕದಿಂದ ತಂದುಕೊಟ್ಟ ಫೋನಿನಲ್ಲಿ. ಅಲ್ಲಿ ಕಂತಿನ ಫೋನ್ ಸಾಮಾನ್ಯ. ಬ್ರಿಟನ್ನಿನಲ್ಲಿ 2021ರ ಡಿಸೆಂಬರ್‌ನಿಂದ ಮೊಬೈಲ್ ಕಂಪನಿಗಳು ಲಾಕ್ ಮಾಡಿದ ಫೋನ್ ಮಾರುವಂತಿಲ್ಲ. ಕೆನಡಾದಲ್ಲಿ 2017ರ ಡಿಸೆಂಬರ್‌ನಿಂದ ಅನ್‌ಲಾಕ್‌ಗೆ ಹಣ ಕೇಳುವಂತಿಲ್ಲ.

ಮನೆಯಲ್ಲೇ ಪರೀಕ್ಷಿಸುವ ವಿಧಾನ

1. ಮನೆಯಲ್ಲಿ ಬೇರೆ ಕಂಪನಿಯ ಸಿಮ್ ಇರುವವರಿಂದ ಒಂದು ಐದು ನಿಮಿಷ ಸಿಮ್ ಪಡೆದು ನಿಮ್ಮ ಫೋನಿಗೆ ಹಾಕಿ. ಕರೆ ಹೋದರೆ ಅನ್‌ಲಾಕ್ ಇದೆ. ಅನ್‌ಲಾಕ್ ಪಿನ್ ಕೇಳಿದರೆ ಅಥವಾ ಈ ಸಿಮ್ ನಡೆಯುವುದಿಲ್ಲ ಎಂದು ತೋರಿಸಿದರೆ ಲಾಕ್ ಇದೆ.
2. ಐಫೋನ್ ಆದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್ ಒತ್ತಿ ಕೆಳಗೆ ಬನ್ನಿ. ಕ್ಯಾರಿಯರ್ ಲಾಕ್ ಎಂಬಲ್ಲಿ 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಎಂದಿದ್ದರೆ ಬೀಗ ಇಲ್ಲ.
3. *#06# ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಅದನ್ನು ಡೈರಿಯಲ್ಲಿ ಬರೆದಿಡಿ. ಫೋನ್ ಕಳೆದರೂ ಅನ್‌ಲಾಕ್ ಕೇಳಿದರೂ ಈ ಸಂಖ್ಯೆಯೇ ಬೇಕು.

ಲಾಕ್ ಆಗಿದ್ದರೆ ಅದನ್ನು ಮಾರಿದ ಮೂಲ ಕಂಪನಿಯೇ ತೆಗೆಯಬೇಕು. ಕಂತು ಪೂರ್ತಿ ತೀರಿರಬೇಕು, ಫೋನ್ ಯಾರ ಹೆಸರಿನಲ್ಲಿದೆಯೋ ಅವರೇ ಅರ್ಜಿ ಹಾಕಬೇಕು. ಆದ್ದರಿಂದ ಮಕ್ಕಳು ಹಳೆಯ ಫೋನ್ ಕೊಡುವಾಗಲೇ, ಅಲ್ಲಿರುವಾಗಲೇ ಅನ್‌ಲಾಕ್ ಮಾಡಿಸಿ ಕೊಡಲು ಹೇಳಿ. ಊರಿನ ಮಾರುಕಟ್ಟೆಯಲ್ಲಿ ಐನೂರಕ್ಕೂ ಸಾವಿರಕ್ಕೂ ಅನ್‌ಲಾಕ್ ಮಾಡಿಕೊಡುತ್ತೇವೆ ಎನ್ನುವವರಿಗೆ ಫೋನ್ ಕೊಡಬೇಡಿ. ಅದರೊಳಗೆ ನಿಮ್ಮ ಬ್ಯಾಂಕ್ ಇದೆ.

ಅನ್‌ಲಾಕ್ ಇದ್ದರೂ ಸಿಗ್ನಲ್ ಬಾರದಿರುವುದೇಕೆ?

ಪ್ರತಿ ದೇಶದ ಮೊಬೈಲ್ ಕಂಪನಿಗಳು ಬೇರೆ ಬೇರೆ ತರಂಗ ಬಳಸುತ್ತವೆ. ಅವಕ್ಕೆ ಬ್ಯಾಂಡ್ ಎಂದು ಹೆಸರು, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಭಾರತದಲ್ಲಿ 4ಜಿಗೆ ಮುಖ್ಯವಾಗಿ 1, 3, 5, 8, 40, 41. ಅಮೆರಿಕದಲ್ಲಿ ದೂರಕ್ಕೆ ಮತ್ತು ಗೋಡೆಯೊಳಗೆ ಚೆನ್ನಾಗಿ ತಲಪುವ ಬ್ಯಾಂಡ್‌ಗಳು ಬೇರೆ: ಟಿ-ಮೊಬೈಲ್‌ನದು 12 ಮತ್ತು 71, ವೆರೈಝನ್‌ನದು 13, ಎಟಿ ಅಂಡ್ ಟಿಯದು 12, 14 ಮತ್ತು 17. ಭಾರತಕ್ಕೆಂದೇ ತಯಾರಾದ ಕಡಿಮೆ ಬೆಲೆಯ ಫೋನುಗಳಲ್ಲಿ ಇವು ಎಷ್ಟೋ ಸಲ ಇರುವುದಿಲ್ಲ. ಅಂಥ ಫೋನ್ ಪೇಟೆಯಲ್ಲಿ ನಡೆಯುತ್ತದೆ, ಮನೆಯ ನೆಲಮಹಡಿಯಲ್ಲೋ ಊರ ಹೊರಗಿನ ರಸ್ತೆಯಲ್ಲೋ ಸತ್ತುಹೋಗುತ್ತದೆ.

ಇನ್ನೊಂದು ಮಾತು. ಅಮೆರಿಕದ ಮೂರೂ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ನಿಲ್ಲಿಸಿದವು. ಆದ್ದರಿಂದ ಕರೆ ಮಾಡಲು ಫೋನಿನಲ್ಲಿ ವಿಒಎಲ್‌ಟಿಇ, ಅಂದರೆ 4ಜಿ ಮೂಲಕ ಮಾತನಾಡುವ ಸೌಲಭ್ಯ, ಇರಲೇಬೇಕು. ಮತ್ತು ಅದು ಆ ಕಂಪನಿಗೆ ಒಪ್ಪಿಗೆಯಾಗಬೇಕು. ಎಟಿ ಅಂಡ್ ಟಿ ತನ್ನ ಪಟ್ಟಿಯಲ್ಲಿರುವ ಮಾದರಿಗಳನ್ನಷ್ಟೇ ಸೇರಿಸಿಕೊಳ್ಳುತ್ತದೆ. ಇದಕ್ಕೆ ಸುಲಭ ದಾರಿ ಇದೆ: ಸಿಮ್ ಕೊಳ್ಳುವ ಮೊದಲು ಮಕ್ಕಳಿಗೆ ಐಎಂಇಐ ಸಂಖ್ಯೆ ಕಳಿಸಿ. ಆಯಾ ಕಂಪನಿಯ ವೆಬ್‌ಸೈಟ್‌ನಲ್ಲಿ ಅದನ್ನು ಹಾಕಿದರೆ ನಡೆಯುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಅಲ್ಲಿಯ ಸಿಮ್: ಪ್ಲಾಸ್ಟಿಕ್ಕೋ ಇ-ಸಿಮ್ಮೋ?

ಇ-ಸಿಮ್ ಎಂದರೆ ಫೋನಿನೊಳಗೇ ಇರುವ ಸಿಮ್. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಹೊಸ ನಂಬರ್ ಸೇರಿಕೊಳ್ಳುತ್ತದೆ. *#06# ಒತ್ತಿದಾಗ ಐಎಂಇಐ ಜೊತೆ ಇಐಡಿ ಎಂಬ ಉದ್ದ ಸಂಖ್ಯೆಯೂ ಬಂದರೆ ನಿಮ್ಮ ಫೋನಿನಲ್ಲಿ ಇ-ಸಿಮ್ ಸೌಲಭ್ಯ ಇದೆ ಎಂದರ್ಥ. ಹಿರಿಯರಿಗೆ ಇದೇ ಅನುಕೂಲ: ಊರಿನ ಪ್ಲಾಸ್ಟಿಕ್ ಸಿಮ್ ಅದರ ಜಾಗದಲ್ಲೇ ಇರುತ್ತದೆ, ಅಲ್ಲಿಯದು ಇ-ಸಿಮ್ ಆಗಿ ಸೇರುತ್ತದೆ. ಪಿನ್ನಿನಿಂದ ಟ್ರೇ ತೆಗೆಯುವುದೂ ಇಲ್ಲ, ಚಿಕ್ಕ ಸಿಮ್ ಕಳೆಯುವುದೂ ಇಲ್ಲ. ಇ-ಸಿಮ್ ಸೇರಿಸಲು ವೈಫೈ ಬೇಕು.

ಪ್ರವಾಸಿಗರಿಗೆಂದು ಮಾರುವ ಇ-ಸಿಮ್‌ಗಳಲ್ಲಿ ಹೆಚ್ಚಿನವು ಇಂಟರ್‌ನೆಟ್‌ಗೆ ಮಾತ್ರ, ಅವುಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಹದಿನೈದು ದಿನದ ಪ್ರವಾಸಕ್ಕೆ ಸಾಕು. ತಿಂಗಳುಗಟ್ಟಲೆ ಇರುವವರಿಗೆ ಡಾಕ್ಟರ ಕ್ಲಿನಿಕ್ಕಿನವರು ಕರೆ ಮಾಡಲು ಅಲ್ಲಿಯದೇ ನಂಬರ್ ಬೇಕು. ಮಕ್ಕಳ ಫ್ಯಾಮಿಲಿ ಪ್ಲಾನಿಗೆ ಒಂದು ಲೈನ್ ಸೇರಿಸುವುದು ಅಗ್ಗವೋ, ಬೇರೆ ಪ್ರೀಪೇಯ್ಡ್ ಅಗ್ಗವೋ, ಮೊದಲೇ ಕೇಳಿಕೊಳ್ಳಿ.

ಅಮೆರಿಕದಲ್ಲಿ ಮಾರಾಟವಾಗುವ ಐಫೋನ್ 14 ಮತ್ತು ನಂತರದವುಗಳಲ್ಲಿ ಪ್ಲಾಸ್ಟಿಕ್ ಸಿಮ್ಮಿಗೆ ಜಾಗವೇ ಇಲ್ಲ. ಅಂಥ ಫೋನ್ ಉಡುಗೊರೆಯಾಗಿ ಬಂದರೆ ನಿಮ್ಮ ಊರಿನ ನಂಬರನ್ನೂ ಇ-ಸಿಮ್ ಮಾಡಿಸಬೇಕಾಗುತ್ತದೆ. ಅದನ್ನು ಹೊರಡುವ ಹಿಂದಿನ ದಿನ ಮಾಡಿಸಬೇಡಿ. ನಮ್ಮಲ್ಲಿ ಸಿಮ್ ಬದಲಾಯಿಸಿದ ಮೇಲೆ ಮೋಸ ತಡೆಯಲೆಂದು 24 ಗಂಟೆ ಎಸ್‌ಎಂಎಸ್ ನಿಲ್ಲಿಸುತ್ತಾರೆ. ಓಟಿಪಿಯೂ ನಿಲ್ಲುತ್ತದೆ.

ಎರಡು ಸಿಮ್‌ಗಳ ಸೆಟ್ಟಿಂಗ್

ಈ ಭಾಗವನ್ನು ಮನೆಯ ಹುಡುಗರ ಜೊತೆ ಕುಳಿತು ಒಮ್ಮೆ ಮಾಡಿ ನೋಡಿ.

1. ಭಾರತದ ಸಿಮ್: ಹೊರಡುವ ಮೊದಲೇ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ. ಫೋನಿನಲ್ಲಿ ಆ ಸಿಮ್‌ನ ಡೇಟಾ ರೋಮಿಂಗ್ ಮಾತ್ರ ಬಂದ್ ಇಡಿ. ಒಳಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ಹಣ ಹಿಡಿಯುವುದಿಲ್ಲ. ನೀವು ಹೋಗುವ ದೇಶಕ್ಕೆ ಇದು ಹೇಗೆ ಎಂದು ಕಸ್ಟಮರ್ ಕೇರ್‌ನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.
2. ಆ ನಂಬರಿಗೆ ಬಂದ ಕರೆ ಎತ್ತಬೇಡಿ. ಪ್ಯಾಕ್ ಇಲ್ಲದಿದ್ದರೆ ಕರೆ ಎತ್ತಿದ ನಿಮಗೇ ನಿಮಿಷದ ಲೆಕ್ಕದಲ್ಲಿ ಹಣ ಬೀಳುತ್ತದೆ. ಮನೆಯವರೆಲ್ಲ ವಾಟ್ಸಾಪ್‌ನಲ್ಲೇ ಕರೆ ಮಾಡಲಿ.
3. ಅಲ್ಲಿಯ ಸಿಮ್: ಇಂಟರ್‌ನೆಟ್‌ಗೆ ಮತ್ತು ಹೊರಹೋಗುವ ಕರೆಗೆ ಇದನ್ನೇ ಆಯ್ಕೆ ಮಾಡಿ.
4. ಐಫೋನಿನಲ್ಲಿ 'ಅಲೋ ಸೆಲ್ಯುಲರ್ ಡೇಟಾ ಸ್ವಿಚಿಂಗ್' ಬಂದ್ ಮಾಡಿ. ಅದು ಚಾಲೂ ಇದ್ದರೆ ಫೋನ್ ತಾನೇ ಭಾರತದ ಸಿಮ್‌ನಿಂದ ಇಂಟರ್‌ನೆಟ್ ಎಳೆಯಬಹುದು. ಬಿಲ್ ಬಂದ ಮೇಲೆಯೇ ತಿಳಿಯುವುದು.
5. ವಾಟ್ಸಾಪ್ ನಂಬರ್ ಬದಲಿಸಬೇಕೇ ಎಂದು ಕೇಳಿದರೆ ಬೇಡ ಎನ್ನಿ. ಹಳೆಯ ನಂಬರಿನಲ್ಲೇ ಅದು ನಡೆಯುತ್ತದೆ.
6. ಸಿಗ್ನಲ್ ಇದ್ದು ಇಂಟರ್‌ನೆಟ್ ಬಾರದಿದ್ದರೆ ಎಪಿಎನ್ ಎಂಬ ಸೆಟ್ಟಿಂಗ್ ನೋಡಿ. ಏನು ಬರೆಯಬೇಕೆಂದು ಸಿಮ್ ಕೊಟ್ಟ ಕಂಪನಿ ತಿಳಿಸುತ್ತದೆ. ಬರೆದು, ಫೋನ್ ಆಫ್ ಮಾಡಿ ಆನ್ ಮಾಡಿ.

ನಂಬರ್ ಸಾಯದಂತೆ ನೋಡಿಕೊಳ್ಳಿ

ಪ್ರೀಪೇಯ್ಡ್ ನಂಬರಿನ ವ್ಯಾಲಿಡಿಟಿ ಮುಗಿದರೆ ಓಟಿಪಿ ನಿಲ್ಲುತ್ತದೆ. ಸತತ 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ನಂಬರೇ ರದ್ದಾಗಬಹುದು, ಸ್ವಲ್ಪ ಕಾಲದ ನಂತರ ಅದು ಬೇರೆಯವರಿಗೆ ಹೋಗುತ್ತದೆ. ನಮ್ಮ ಬ್ಯಾಂಕ್, ಆಧಾರ್, ಗ್ಯಾಸ್, ಜಿಎಸ್‌ಟಿ ಎಲ್ಲಕ್ಕೂ ಕೊಟ್ಟ ನಂಬರ್ ಅಪರಿಚಿತರ ಕೈ ಸೇರುವುದು ಸಣ್ಣ ಮಾತಲ್ಲ. ಆರು ತಿಂಗಳು ಹೋಗುವವರು ಒಂದು ವರ್ಷದ ರೀಚಾರ್ಜ್ ಮಾಡಿಸಿ ಹೋಗುವುದು ಕ್ಷೇಮ. ಯುಪಿಐ ಆ್ಯಪ್‌ಗಳಲ್ಲಿ ಕೆಲವು, ಸಿಮ್ ಫೋನಿನಿಂದ ತೆಗೆದರೆ ಮತ್ತೆ ನೋಂದಣಿ ಕೇಳುತ್ತವೆ. ಇದಕ್ಕೂ ಸಿಮ್ ಫೋನಿನಲ್ಲೇ ಇರಬೇಕು.

ಕೆಲವು ದೇಶಗಳ ವಿಶೇಷ

• ಯೂರೋಪ್: ಯೂರೋಪಿಯನ್ ಒಕ್ಕೂಟದ ಒಂದು ದೇಶದಲ್ಲಿ ಕೊಂಡ ಸಿಮ್ ಉಳಿದ ಸದಸ್ಯ ದೇಶಗಳಲ್ಲೂ ಸಾಮಾನ್ಯವಾಗಿ ಅದೇ ದರಕ್ಕೆ ನಡೆಯುತ್ತದೆ. 2017ರ ಜೂನ್‌ನಿಂದ ಈ ನಿಯಮ ಇದೆ. ಬೆಲ್ಜಿಯಂನಲ್ಲಿ ಕೊಂಡದ್ದು ಫ್ರಾನ್ಸಿನಲ್ಲೂ ಆಗುತ್ತದೆ. ಸ್ವಿಟ್ಜರ್ಲೆಂಡ್ ಮತ್ತು ಬ್ರಿಟನ್ ಈ ಲೆಕ್ಕದಲ್ಲಿ ಇಲ್ಲ.
• ದುಬೈ: ಸಿಮ್ ಕೊಳ್ಳಲು ಪಾಸ್‌ಪೋರ್ಟ್ ಬೇಕು. ವಾಟ್ಸಾಪ್ ಸಂದೇಶ ಹೋಗುತ್ತದೆ, ವಾಟ್ಸಾಪ್ ಕರೆ ಸಾಮಾನ್ಯವಾಗಿ ನಡೆಯುವುದಿಲ್ಲ. ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪ್ ಬಳಸುತ್ತಾರೆ. ಮನೆಯವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಗಾಬರಿಯಾಗುತ್ತಾರೆ.
• ಸಿಂಗಾಪುರ: 2ಜಿ 2017ರಲ್ಲೇ ನಿಂತಿದೆ. ಹಳೆಯ ಬಟನ್ ಫೋನ್ ನಂಬಿ ಹೋಗಬೇಡಿ.
• ಕೈಲಾಸ ಮಾನಸ ಸರೋವರ: ಆದಿನಾಥ ತೀರ್ಥಂಕರರ ನಿರ್ವಾಣ ಭೂಮಿ ಎಂದು ಭಾವಿಸಿ ಹೋಗುವ ಯಾತ್ರಿಕರು ಗಮನಿಸಿ. ಚೀನಾದ ಸಿಮ್‌ನಲ್ಲಿ ವಾಟ್ಸಾಪ್, ಗೂಗಲ್ ತೆರೆಯುವುದಿಲ್ಲ. ಭಾರತದ ಸಿಮ್‌ನ ರೋಮಿಂಗ್ ಪ್ಯಾಕ್‌ನಲ್ಲಿ ಸಾಮಾನ್ಯವಾಗಿ ತೆರೆಯುತ್ತದೆ. ಇಲ್ಲಿ ಮಾತ್ರ ಅಲ್ಲಿಯ ಸಿಮ್‌ಗಿಂತ ನಮ್ಮದೇ ಮೇಲು.

ನಮ್ಮ ಆಚರಣೆಗೂ ಉಪಯೋಗ

ರಾತ್ರಿ ಭೋಜನ ತ್ಯಾಗ ಪಾಲಿಸುವವರಿಗೆ ಅಲ್ಲಿಯ ಸೂರ್ಯಾಸ್ತ ಗೊತ್ತಾಗಬೇಕು. ನ್ಯೂಜೆರ್ಸಿಯಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವುದು ಸುಮಾರು ರಾತ್ರಿ ಎಂಟೂವರೆಗೆ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ. ಊರಿನ ಪಂಚಾಂಗ ಅಲ್ಲಿ ನಡೆಯದು, ಫೋನಿನ ಹವಾಮಾನ ಆ್ಯಪ್ ಆ ಊರಿನ ವೇಳೆಯನ್ನೇ ತೋರಿಸುತ್ತದೆ. ಹಾಗೆಯೇ ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಆ ದೇಶದ ಭಾಷೆ ಇಳಿಸಿಕೊಂಡರೆ ಬಿಸ್ಕತ್ತಿನ ಪೊಟ್ಟಣದ ಮೇಲೆ ಕ್ಯಾಮೆರಾ ಹಿಡಿದು ಮೊಟ್ಟೆ, ಜೆಲಾಟಿನ್ ಇದೆಯೇ ಎಂದು ಓದಬಹುದು.

ಹೊರಡುವವರ ಪಟ್ಟಿ

ಹದಿನೈದು ದಿನ ಮೊದಲು: ಲಾಕ್ ಪರೀಕ್ಷೆ, ಐಎಂಇಐ ಬರೆದಿಡುವುದು, ಅಲ್ಲಿಯ ಕಂಪನಿಗೆ ಹೊಂದುತ್ತದೆಯೇ ನೋಡುವುದು, ಬೇಕಿದ್ದರೆ ಇ-ಸಿಮ್ ಬದಲಾವಣೆ.

ಒಂದು ವಾರ ಮೊದಲು: ದೀರ್ಘ ರೀಚಾರ್ಜ್, ರೋಮಿಂಗ್ ಚಾಲೂ, ಬ್ಯಾಂಕಿನಲ್ಲಿ ಇ-ಮೇಲ್ ವಿಳಾಸ ಸರಿ ಇದೆಯೇ ಪರಿಶೀಲನೆ.

ವಿಮಾನ ಹತ್ತುವ ಮೊದಲು: ಭಾರತದ ಸಿಮ್‌ನ ಡೇಟಾ ರೋಮಿಂಗ್ ಬಂದ್. ಮಕ್ಕಳ ವಿಳಾಸ, ನಂಬರ್ ಕಾಗದದ ಮೇಲೂ ಇರಲಿ.

ಇಳಿದ ಮೇಲೆ: ಭಾರತದ ಸಿಮ್‌ಗೆ ಸಿಗ್ನಲ್ ಬಂತೇ ನೋಡಿ. ಸಣ್ಣ ಮೊತ್ತವೊಂದನ್ನು ಕಳಿಸಿ ಓಟಿಪಿ ಬರುತ್ತದೆಯೇ ಪರೀಕ್ಷಿಸಿ. ಕಷ್ಟ ಬಂದ ದಿನ ಪರೀಕ್ಷೆ ಮಾಡುವುದಲ್ಲ.

ಮರಳಿದ ಮೇಲೆ: ಅಲ್ಲಿಯ ಪ್ಲಾನ್ ನಿಲ್ಲಿಸಿ, ಭಾರತದ ಸಿಮ್‌ಗೆ ಡೇಟಾ ಮತ್ತೆ ಚಾಲೂ ಮಾಡಿ.

ಕೊನೆಗೆ ಎಚ್ಚರದ ಮಾತು. ನಿಮ್ಮ ಸಿಮ್ ಬಂದ್ ಆಗುತ್ತದೆ, ಇ-ಸಿಮ್ ಮಾಡಿಕೊಡುತ್ತೇವೆ, ಬಂದ ಓಟಿಪಿ ಹೇಳಿ ಎಂದು ಯಾರೇ ಕರೆದರೂ ಹೇಳಬೇಡಿ. ಹೇಳಿದರೆ ನಿಮ್ಮ ನಂಬರ್ ಅವರ ಫೋನಿಗೆ ಹೋಗುತ್ತದೆ. ಫೋನ್ ಕಳೆದರೆ ಊರಿನಲ್ಲಿರುವ ಮನೆಯವರಿಂದ ಮೊದಲು ಸಿಮ್ ನಿಲ್ಲಿಸಿ. ಫೋನನ್ನು ನಮ್ಮ ದೇಶದಲ್ಲಿ ಬಳಸದಂತೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿಯಲ್ಲಿ ಐಎಂಇಐ ಕೊಟ್ಟು ಮುಚ್ಚಿಸಬಹುದು.

ಇದಕ್ಕೆಲ್ಲ ಹೊಸ ದುಬಾರಿ ಫೋನ್ ಬೇಕಿಲ್ಲ. ಇರುವ ಫೋನ್ ಅನ್‌ಲಾಕ್ ಇದ್ದು ಅಲ್ಲಿಯ ಬ್ಯಾಂಡ್‌ಗೆ ಹೊಂದಿದರೆ ಅದೇ ಸಾಕು. ನಿಮ್ಮ ಮನೆಯಿಂದ ಯಾರಾದರೂ ಹಿರಿಯರು ಹೊರಡುತ್ತಿದ್ದರೆ ಒಂದು ಸಂಜೆ ಅವರ ಪಕ್ಕ ಕುಳಿತು ಈ ಪಟ್ಟಿ ಮುಗಿಸಿಕೊಡಿ. ಪ್ರವಾಸ ಸುಖಕರವಾಗಲಿ.