ಮೇಳ ಕಟ್ಟಿದವರು

ಈ ಬೇಸಿಗೆಯಲ್ಲಿ ಅಮ್ಮನ ವೀಣೆಯ ಮೇಣ ಬಿರುಕು ಬಿಟ್ಟಿತು. ಯಾಳಿಯ ಕಡೆಯ ಎರಡು ಮೆಟ್ಟಿಲು ಅಲುಗಾಡತೊಡಗಿದವು. ಮೇಳ ಕಟ್ಟುವ ಆಚಾರ್ರು ಜಯನಗರದ ನಮ್ಮ ಮನೆಗೆ ಬಂದು, ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಎರಡು ದಿನ ಕೂತರು. ಹಳೆಯ ಮೇಣ ಕೆರೆದು ತೆಗೆದು, ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿ ಕಾಯಿಸಿ, ದಂಡಿಯ ಉದ್ದಕ್ಕೂ ಎರಡು ಸಾಲು ಕಟ್ಟಿದರು. ಅದರ ಮೇಲೆ ಒಂದು ಸ್ಥಾಯಿಗೆ 12ರಂತೆ ಎರಡು ಸ್ಥಾಯಿಗೆ 24 ಹಿತ್ತಾಳೆಯ ಮೆಟ್ಟಿಲು. ಒಂದೊಂದನ್ನೂ ಕೂರಿಸುವುದು, ಮೀಟುವುದು, ಕಿವಿಗೊಡುವುದು, ಕೂದಲೆಳೆಯಷ್ಟು ಸರಿಸಿ ಮತ್ತೆ ಮೀಟುವುದು.

ಅವರ ಕೈ ನೋಡುತ್ತ ಕೂತವಳಿಗೆ ಈ ಮೆಟ್ಟಿಲುಗಳ ಹಿಂದಿನ ದಾರಿ ನೆನಪಾಯಿತು.

ಪ್ರಾಚೀನರು ವೀಣೆ ಎಂದು ಕರೆದ ವಾದ್ಯಗಳಲ್ಲಿ ಬಿಲ್ಲಿನಂತೆ ಬಾಗಿದ್ದೂ ಇತ್ತು. ಹೊರಗಿನವರು ಹಾರ್ಪ್ ಎನ್ನುವ ವಾದ್ಯದ ಬಳಗ ಅದು. 4ನೇ ಶತಮಾನದ ಸಮುದ್ರಗುಪ್ತನ ಚಿನ್ನದ ನಾಣ್ಯದಲ್ಲಿ ದೊರೆಯ ತೊಡೆಯ ಮೇಲಿರುವುದು ಅದೇ. ತಮಿಳರ ಯಾಳ್ ಕೂಡ ಅದೇ ಕುಲದ್ದು. ಬರ್ಮಾದಲ್ಲಿ ಅದು ಇಂದಿಗೂ ನುಡಿಯುತ್ತಿದೆ. ಅದರಲ್ಲಿ ಒಂದು ತಂತಿಗೆ ಒಂದೇ ಸ್ವರ. ನಮ್ಮ ರಾಗಗಳೋ ಗಮಕದಲ್ಲಿ ಬದುಕುವಂಥವು. ತಂತಿಯನ್ನು ಒತ್ತಿ ಎಳೆದು, ಒಂದು ಸ್ವರದಿಂದ ಇನ್ನೊಂದನ್ನು ಮುಟ್ಟಲು ಬೆರಳಿನ ಕೆಳಗೆ ದಂಡಿ ಬೇಕು. ಬಾಗಿದ ವೀಣೆ ನಮ್ಮಲ್ಲಿ ಹಿಂದೆ ಸರಿದದ್ದು ಇದರಿಂದಲೇ ಎಂದು ನಾನು ನಂಬಿದ್ದೇನೆ.

12ನೇ ಶತಮಾನಕ್ಕೆ ಕನ್ನಡ ನಾಡಿನಲ್ಲಿ ದಂಡಿಯ ವಾದ್ಯ ನೆಲೆಯೂರಿತ್ತು. ಬಸವಣ್ಣನವರು ತಮ್ಮ ಮೈಯನ್ನೇ ವಾದ್ಯವಾಗಿಸೆಂದು ಕೂಡಲಸಂಗನನ್ನು ಬೇಡುವ ವಚನದಲ್ಲಿ ದಂಡಿಗೆ, ಸೋರೆ, ತಂತಿ, ಕಡ್ಡಿ ಎಲ್ಲವೂ ಬರುತ್ತವೆ. ಭಕ್ತಿಯ ಆ ಮಾತಿನೊಳಗೆ ಒಬ್ಬ ಕುಶಲಕರ್ಮಿಯ ಕೆಲಸವೂ ದಾಖಲಾಗಿದೆ.

ಮುಂದಿನ ದೊಡ್ಡ ಹೆಜ್ಜೆ ವಿಜಯನಗರದಲ್ಲಿ ಕಾಣುತ್ತದೆ. ರಾಮಾಮಾತ್ಯನು 1550ರಲ್ಲಿ ಬರೆದ ‘ಸ್ವರಮೇಳಕಲಾನಿಧಿ’ ಮೂರು ಬಗೆಯ ವೀಣೆಗಳನ್ನು ವಿವರಿಸುತ್ತದೆ. ಅವುಗಳಲ್ಲೊಂದಕ್ಕೆ ದೊರೆ ಅಚ್ಯುತರಾಯನ ಹೆಸರು: ಅಚ್ಯುತರಾಜೇಂದ್ರ ಮೇಳ ವೀಣೆ. ರಾಗಕ್ಕೆ ತಕ್ಕಂತೆ ಮೆಟ್ಟಿಲು ಹೊಂದಿಸಿಕೊಳ್ಳುವ ಏಕರಾಗ ಮೇಳವೂ, ಎಲ್ಲ ರಾಗಗಳಿಗೂ ಸಲ್ಲುವಂತೆ ಮೆಟ್ಟಿಲು ಕೂರಿಸಿದ ಸರ್ವರಾಗ ಮೇಳವೂ ಅಲ್ಲಿವೆ. 17ನೇ ಶತಮಾನದ ತಂಜಾವೂರಿನಲ್ಲಿ 24 ಮೆಟ್ಟಿಲಿನ ಇಂದಿನ ವೀಣೆ ರೂಪುಗೊಂಡಿತೆಂದು ಹೇಳುವಾಗ ರಘುನಾಥ ನಾಯಕನನ್ನು ನೆನೆಯುತ್ತಾರೆ. ಅವನ ಮಂತ್ರಿ, ಸಂಗೀತ ವಿದ್ವಾಂಸ ಗೋವಿಂದ ದೀಕ್ಷಿತರು ಕನ್ನಡಿಗರು.

ಮೈಸೂರಿನಲ್ಲಿ ಅರಮನೆಯ ಆಶ್ರಯ ಸಿಕ್ಕ ಮೇಲೆ ವೀಣೆ ಊರಿನ ಗುರುತೇ ಆಯಿತು. ವೀಣೆ ಶೇಷಣ್ಣನವರ (1852–1926) ಹೆಸರಿಗೇ ವಾದ್ಯ ಅಂಟಿಕೊಂಡಿತು. ಅರಮನೆಯಿಂದ ಅದು ಮಧ್ಯಮ ವರ್ಗದ ಮನೆಗಳಿಗೆ, ಹೆಣ್ಣುಮಕ್ಕಳ ಕೈಗೆ ಬಂತು. ಅಮ್ಮ ಮದುವೆಗೆ ಮುಂಚೆ ಮೈಸೂರಿನಲ್ಲಿ ಕೊಂಡ ಹಲಸಿನ ಮರದ ವೀಣೆ ಇದು. ಬಡಾವಣೆ ಇನ್ನೂ ಹೊಸದಾಗಿದ್ದಾಗ ಅದು ಅವಳ ಜೊತೆ ಜಯನಗರಕ್ಕೆ ಬಂತು. ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಬೀದಿಯ ಮೂರು ಮನೆಗಳಿಂದ ಸರಳೆ ವರಸೆ ಕೇಳುತ್ತಿತ್ತು.

ಇಷ್ಟು ಉದ್ದದ ಕಥೆಯಲ್ಲಿ ದೊರೆಗಳಿದ್ದಾರೆ, ಶಾಸ್ತ್ರಕಾರರಿದ್ದಾರೆ, ವೈಣಿಕರಿದ್ದಾರೆ. ಅಚ್ಯುತರಾಯನ ವೀಣೆಯನ್ನು ಕಡೆದ ಬಡಗಿ ಯಾರು? ಹಲಸಿನ ದಿಮ್ಮಿಯನ್ನು ತೋಡಿ, ತಟ್ಟಿ ನೋಡಿ, ಕೊಡದ ಗೋಡೆ ಇಷ್ಟೇ ತೆಳುವಾಗಲಿ ಎಂದು ಉಳಿ ಕೆಳಗಿಟ್ಟವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಅಮ್ಮನ ವೀಣೆಯ ಮೇಲೂ ಮಾಡಿದವರ ಹೆಸರಿಲ್ಲ. ಇದು ನನಗೆ ನೋವಿನ ಸಂಗತಿ.

ಎರಡನೆಯ ದಿನ ಸಂಜೆ ಆಚಾರ್ರು ಒರೆಸಲೆಂದು ದಂಡಿಯ ಕೆಳಗಿನ ಬುರುಡೆ ಬಿಚ್ಚಿದ್ದರು. “ಆಚಾರ್ರೇ, ಇದರೊಳಗೆ ನಿಮ್ಮ ಹೆಸರು ಬರೀತೀರಾ?” ಎಂದೆ.

“ನಾನು ಬರೀ ಮೇಳ ಕಟ್ಟಿದ್ದು ಕಣಮ್ಮ. ವೀಣೆ ಮಾಡ್ದೋರು ಬೇರೆ.”

“ಅವರನ್ನ ಕೇಳೋಕೆ ಆಗಲಿಲ್ಲವಲ್ಲ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಬುರುಡೆಯ ಒಳಮೈ ಮೇಲೆ ತಮ್ಮ ಹೆಸರು, ಅದರ ಮೇಲೆ ತಮಗೆ ಕೆಲಸ ಕಲಿಸಿದ ತಂದೆಯ ಹೆಸರು ಬರೆದರು. ಬುರುಡೆ ಬಿಗಿದು, ವೀಣೆಯನ್ನು ನನ್ನ ತೊಡೆಗೆ ಕೊಟ್ಟು, “ಗಾಂಧಾರ ಎಳ್ದು ನೋಡಿ” ಎಂದರು.