ನಮಾಜಿನಲ್ಲಿ ಮನಸ್ಸಿನ ಹಾಜರಿ

ಇಸ್ಲಾಂ ಧರ್ಮದ ಪ್ರಾರ್ಥನೆಯಾದ ನಮಾಜು ಶುದ್ಧಿಯಿಂದ ಆರಂಭವಾಗುತ್ತದೆ. ಪ್ರಾರ್ಥನೆಗೆ ನಿಲ್ಲುವ ಮುನ್ನ ಮುಖವನ್ನೂ ಮೊಣಕೈವರೆಗೆ ಕೈಗಳನ್ನೂ ತೊಳೆದು, ತಲೆಯನ್ನು ಒದ್ದೆ ಕೈಯಿಂದ ಸವರಿ, ಹರಡುಗಂಟಿನವರೆಗೆ ಪಾದಗಳನ್ನು ತೊಳೆಯಬೇಕೆಂದು ಕುರ್‌ಆನಿನ 5ನೆಯ ಅಧ್ಯಾಯದ 6ನೆಯ ಸೂಕ್ತ ವಿಧಿಸುತ್ತದೆ. ಇದಕ್ಕೆ ವುಜೂ ಎಂದು ಹೆಸರು. ನೀರು ದೊರೆಯದಿದ್ದಲ್ಲಿ ಶುದ್ಧವಾದ ಮಣ್ಣನ್ನು ಮುಟ್ಟಿ ಮುಖವನ್ನೂ ಕೈಗಳನ್ನೂ ಸವರಿಕೊಳ್ಳಬಹುದೆಂದು ಅದೇ ಸೂಕ್ತ ಹೇಳುತ್ತದೆ. ಅದು ತಯಮ್ಮುಮ್. ಈ ಎರಡನೆಯ ವಿಧಿ ನನ್ನನ್ನು ಬಹುಕಾಲ ಯೋಚನೆಗೆ ಹಚ್ಚಿದೆ. ಶುದ್ಧಿಯೆಂದರೆ ಕೊಳೆ ಕಳೆಯುವುದಷ್ಟೇ ಆಗಿದ್ದರೆ ನೀರಿನ ಸ್ಥಾನದಲ್ಲಿ ಮಣ್ಣು ನಿಲ್ಲುವುದು ಹೇಗೆ?

ಈ ಪ್ರಶ್ನೆಯನ್ನು ಆಳವಾಗಿ ಕೆದಕಿದವರಲ್ಲಿ ಅಗ್ರಗಣ್ಯರು ಅಲ್ ಗಝಾಲಿ. ಇರಾನಿನ ಈಶಾನ್ಯ ಭಾಗದ ತೂಸ್ ಎಂಬಲ್ಲಿ 1058ರಲ್ಲಿ ಜನಿಸಿದ ಅವರನ್ನು ಸೆಲ್ಜುಕ್ ಸಾಮ್ರಾಜ್ಯದ ವಜೀರ ನಿಜಾಮುಲ್ ಮುಲ್ಕ್ 1091ರಲ್ಲಿ ಬಾಗ್ದಾದಿನ ನಿಜಾಮಿಯಾ ವಿದ್ಯಾಲಯಕ್ಕೆ ಆಚಾರ್ಯರನ್ನಾಗಿ ನೇಮಿಸಿದನು. ತಮ್ಮ ಬಳಿ ಮುನ್ನೂರು ವಿದ್ಯಾರ್ಥಿಗಳಿದ್ದರೆಂದು ಅವರೇ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ಕೀರ್ತಿಯ ಶಿಖರದಲ್ಲಿದ್ದಾಗ, ತಾನು ಬೋಧಿಸುತ್ತಿರುವುದು ದೇವರಿಗಾಗಿಯೋ ಹೆಸರಿಗಾಗಿಯೋ ಎಂಬ ಸಂಶಯ ಅವರನ್ನು ಕಾಡಿತು. 1095ರಲ್ಲಿ ತರಗತಿಯಲ್ಲಿ ನಾಲಿಗೆಯೇ ಹೊರಳದಾಯಿತು. ಅನ್ನವೂ ಗಂಟಲಲ್ಲಿ ಇಳಿಯದಾಯಿತು. ಅದೇ ವರ್ಷ ಹುದ್ದೆಯನ್ನು ತೊರೆದು ದಮಾಸ್ಕಸ್ಸಿಗೆ ಹೋದರು. ಅಲ್ಲಿನ ಮಸೀದಿಯ ಮಿನಾರವನ್ನೇರಿ, ಬಾಗಿಲು ಮುಚ್ಚಿಕೊಂಡು ದಿನವಿಡೀ ಏಕಾಂತದಲ್ಲಿರುತ್ತಿದ್ದರು. ಜೀವನವಿಡೀ ಪಾಠ ಹೇಳಿದ ನನಗೆ ಈ ಪ್ರಸಂಗವನ್ನು ಓದುವಾಗಲೆಲ್ಲ ಮೈ ಝುಮ್ಮೆನ್ನುತ್ತದೆ.

ಬಾಗ್ದಾದನ್ನು ಬಿಟ್ಟ ನಂತರದ ವರ್ಷಗಳಲ್ಲಿ ಅವರು ರಚಿಸಿದ ಮಹಾಕೃತಿ ‘ಇಹ್ಯಾ ಉಲೂಮುದ್ದೀನ್’. ನಲವತ್ತು ಭಾಗಗಳ ಈ ಗ್ರಂಥದಲ್ಲಿ ಮೂರನೆಯದು ಶುದ್ಧಿಯ ರಹಸ್ಯಗಳನ್ನೂ ನಾಲ್ಕನೆಯದು ಪ್ರಾರ್ಥನೆಯ ರಹಸ್ಯಗಳನ್ನೂ ಕುರಿತದ್ದು. ಶುದ್ಧಿಗೆ ನಾಲ್ಕು ಮೆಟ್ಟಿಲುಗಳಿವೆ ಎನ್ನುತ್ತಾರೆ ಗಝಾಲಿ. ಮೊದಲನೆಯದು ದೇಹವನ್ನು ಕೊಳೆಯಿಂದ ಶುದ್ಧಗೊಳಿಸುವುದು. ಎರಡನೆಯದು ಕೈಕಾಲು ಕಣ್ಣು ನಾಲಿಗೆಗಳನ್ನು ಪಾಪದಿಂದ. ಮೂರನೆಯದು ಹೃದಯವನ್ನು ದುರ್ಗುಣಗಳಿಂದ. ನಾಲ್ಕನೆಯದು ಅಂತರಂಗದ ಅಂತರಂಗವನ್ನು ದೇವರಲ್ಲದ ಸಮಸ್ತದಿಂದ. ನೀರು ತಲುಪುವುದು ಮೊದಲ ಮೆಟ್ಟಿಲನ್ನು ಮಾತ್ರ.

ತಮ್ಮ ಕಾಲದ ಜನ ಈ ಮೊದಲ ಮೆಟ್ಟಿಲಿನಲ್ಲೇ ಆಯುಷ್ಯ ಸವೆಸುತ್ತಿದ್ದಾರೆಂಬುದು ಅವರ ಅಳಲು. ಮದುವಣಗಿತ್ತಿಯನ್ನು ಸಿಂಗರಿಸುವಂತೆ ಹೊರಮೈಯನ್ನು ತಿದ್ದಿ ತೀಡುವವರ ಒಳಗು ಅಹಂಕಾರ, ಅಜ್ಞಾನ, ಬೂಟಾಟಿಕೆಗಳಿಂದ ಪಾಳುಬಿದ್ದಿದೆ ಎಂದು ಅವರು ಬರೆಯುತ್ತಾರೆ. ಹಿಂದಿನವರು ಹೀಗಿರಲಿಲ್ಲ ಎನ್ನುವುದಕ್ಕೆ ಖಲೀಫ ಉಮರರ ನಿದರ್ಶನ ಕೊಡುತ್ತಾರೆ. ಅಷ್ಟು ಉನ್ನತ ಸ್ಥಾನದಲ್ಲಿದ್ದ ಉಮರರು ಒಬ್ಬ ಕ್ರೈಸ್ತ ಸ್ತ್ರೀಯ ಹೂಜಿಯ ನೀರಿನಿಂದ ವುಜೂ ಮಾಡಿದರಂತೆ. ಮಡಿಯ ಹೆಸರಿನಲ್ಲಿ ಮನುಷ್ಯರನ್ನು ಬಾವಿಯಿಂದ ದೂರವಿಟ್ಟ ನಾಡಿನವರಾದ ನಾವು ಈ ನಿದರ್ಶನವನ್ನು ಎರಡು ಬಾರಿ ಓದಬೇಕು.

ಇನ್ನು ಪ್ರಾರ್ಥನೆಯ ವಿಚಾರ. ಆರಂಭದ ತಕ್ಬೀರ್ ಹೇಳುವಾಗ ಸಂಕಲ್ಪವಿದ್ದರೆ ಸಾಕು, ಮುಂದೆ ಮನಸ್ಸು ಅಲೆದರೂ ನಮಾಜು ಊರ್ಜಿತವೆಂದು ಧರ್ಮಶಾಸ್ತ್ರಜ್ಞರು ತೀರ್ಮಾನಿಸಿದ್ದರು. ಸ್ವತಃ ಶಾಸ್ತ್ರಜ್ಞರಾದ ಗಝಾಲಿ ಈ ತೀರ್ಪಿನ ಔಚಿತ್ಯವನ್ನು ಬಲ್ಲರು. ಸಾಮಾನ್ಯರೆಲ್ಲರಿಗೂ ಸಂಪೂರ್ಣ ಏಕಾಗ್ರತೆಯನ್ನು ಕಡ್ಡಾಯ ಮಾಡಲಾಗದು. ಆದರೆ ಶಾಸ್ತ್ರಕ್ಕೆ ಸಲ್ಲುವುದೆಲ್ಲ ದೇವರಿಗೂ ಸಲ್ಲುತ್ತದೆಯೆ ಎಂಬುದು ಅವರ ಪ್ರಶ್ನೆ. ಹೇಳುತ್ತಿರುವುದೇನೆಂದು ತಿಳಿಯುವವರೆಗೆ, ಅಮಲಿನಲ್ಲಿ ನಮಾಜಿನ ಬಳಿ ಸುಳಿಯಬಾರದೆಂದು ಕುರ್‌ಆನ್ (4:43) ಹೇಳುತ್ತದೆ. ಮದ್ಯವನ್ನೇ ಮುಟ್ಟದೆಯೂ ತಾವು ಹೇಳುತ್ತಿರುವುದನ್ನು ಅರಿಯದವರು ಎಷ್ಟು ಮಂದಿ ಎಂದು ಗಝಾಲಿ ಕೇಳುತ್ತಾರೆ.

ಪ್ರಾರ್ಥನೆಗೆ ಜೀವ ತುಂಬುವ ಆರು ಗುಣಗಳನ್ನು ಅವರು ಎಣಿಸುತ್ತಾರೆ: ಹೃದಯದ ಉಪಸ್ಥಿತಿ, ಅರ್ಥಗ್ರಹಣ, ಗೌರವ, ಭೀತಿ, ಭರವಸೆ ಮತ್ತು ಲಜ್ಜೆ. ಮೊದಲನೆಯದಕ್ಕೆ ಅರಬ್ಬಿಯಲ್ಲಿ ‘ಹುಜೂರುಲ್ ಕಲ್ಬ್’ ಎನ್ನುತ್ತಾರೆ. ನಮ್ಮ ‘ಹಾಜರಿ’ ಇದೇ ಧಾತುವಿನಿಂದ ಕನ್ನಡಕ್ಕೆ ಬಂದ ಮಾತು. ಹೆಸರು ಕೂಗಿದಾಗ ಎದ್ದುನಿಂತು ಓಗೊಟ್ಟ ಹುಡುಗನ ಮನಸ್ಸು ಕಿಟಕಿಯಾಚೆಯ ಹುಣಸೆಮರದಲ್ಲಿರುವುದನ್ನು ಕಾಣದ ಉಪಾಧ್ಯಾಯರುಂಟೆ? ಪುಸ್ತಕದಲ್ಲಿ ಅವನು ಹಾಜರು; ಪಾಠಕ್ಕೆ ಗೈರುಹಾಜರು.

ಮನಸ್ಸನ್ನು ಹಿಡಿದು ನಿಲ್ಲಿಸುವ ಉಪಾಯಗಳನ್ನೂ ಗಝಾಲಿ ಸೂಚಿಸುತ್ತಾರೆ. ಕತ್ತಲ ಕೋಣೆಯಲ್ಲಿ ಅಥವಾ ಗೋಡೆಗೆ ಸಮೀಪದಲ್ಲಿ ನಿಂತರೆ ಕಣ್ಣು ಅಲೆಯದು. ಪ್ರವಾದಿಯ ಸಂಗಾತಿ ಅಬೂ ತಲ್ಹಾ ತಮ್ಮ ತೋಟದಲ್ಲಿ ನಮಾಜು ಮಾಡುತ್ತಿದ್ದಾಗ ಹಕ್ಕಿಯೊಂದರತ್ತ ದೃಷ್ಟಿ ಹರಿದು, ಎಷ್ಟು ಆವರ್ತನ ಮುಗಿಸಿದೆನೆಂಬುದೇ ಮರೆತುಹೋಯಿತು. ಅವರು ಆ ತೋಟವನ್ನೇ ದಾನವಾಗಿ ಕೊಟ್ಟುಬಿಟ್ಟರು.

ಆದರೆ ಒಳಗಿನ ಹಕ್ಕಿಗಳಿಗೇನು ಮಾಡುವುದು? ಗಝಾಲಿ ಒಂದು ಉಪಮೆ ಹೇಳುತ್ತಾರೆ. ಮರದಡಿ ಕುಳಿತವನೊಬ್ಬನ ಚಿಂತನೆಗೆ ಗುಬ್ಬಚ್ಚಿಗಳ ಸದ್ದು ಅಡ್ಡಿಯಾಗುತ್ತಿತ್ತು. ಕೋಲಿನಿಂದ ಓಡಿಸಿದಷ್ಟೂ ಅವು ಮರಳಿ ಬರುತ್ತಿದ್ದವು. ಇದು ಮುಗಿಯುವ ಕೆಲಸವಲ್ಲ, ಮರವನ್ನೇ ಕಡಿ ಎಂದರಂತೆ. ಆ ಮರವೇ ಆಸೆ. ಗುಬ್ಬಚ್ಚಿಗಳು ಅದರಲ್ಲಿ ನೆಲೆಸಿದ ಯೋಚನೆಗಳು.

1111ರಲ್ಲಿ ತೂಸ್‌ನಲ್ಲೇ ಅವರು ನಿಧನರಾದರು. ನೀರನ್ನು ಬಿಡಿರೆಂದು ಅವರೆಂದೂ ಹೇಳಲಿಲ್ಲ. ವುಜೂವಿನ ಒಂದೊಂದು ನಿಯಮವನ್ನೂ ಶ್ರದ್ಧೆಯಿಂದ ವಿವರಿಸಿದ್ದಾರೆ. ಮೊದಲ ಮೆಟ್ಟಿಲು ಹತ್ತದೆ ಎರಡನೆಯದಕ್ಕೆ ಹೋಗಲಾಗದು. ಅಲ್ಲಿಯೇ ನಿಂತವನು ಮೇಲೆ ಬಂದಂತಾಗದು ಎಂಬುದಷ್ಟೇ ಅವರ ಮಾತು. ನೀರಿಲ್ಲದ ಕಡೆ ಹಿಡಿ ಮಣ್ಣು ಸಾಕಾಗುವುದೇಕೆಂದು ಇದರಿಂದ ನನಗೆ ತಿಳಿದಂತಾಯಿತು. ಪ್ರಾರ್ಥನೆಗೆ ಸಿದ್ಧನಾಗುತ್ತಿದ್ದೇನೆಂದು ಮನಸ್ಸಿಗೆ ತಿಳಿಸಲು ಅಷ್ಟು ಸಾಕು. ಉಳಿದದ್ದನ್ನು ತೊಳೆಯಲು ನೀರಿಗೂ ಮಣ್ಣಿಗೂ ಶಕ್ತಿಯಿಲ್ಲ.