ಹಗ್ಗವನ್ನು ತಡವಿ ನೋಡಿದ ಕೈ

ನನ್ನ ಬಳಿ ಓದಿದವರಿಗೆ ನೆನಪಿರಬಹುದು. ಉತ್ತರಪತ್ರಿಕೆಯನ್ನು ಒಪ್ಪಿಸುವ ಮುನ್ನ ಒಮ್ಮೆ ಮೊದಲಿನಿಂದ ಓದಿ ನೋಡಿರೆಂದು ನಾನು ಪ್ರತಿ ಪರೀಕ್ಷೆಯಲ್ಲೂ ಹೇಳುತ್ತಿದ್ದೆ. "ನೋಡಿದ್ದಾಯಿತು ಸಾರ್" ಎಂದು ನೀವು ನೋಡದೆಯೇ ಹೇಳುತ್ತಿದ್ದಿರಿ! ಆ ಪಾಠವನ್ನು ನಾನು ಕಲಿತದ್ದು ಬಿ.ಎಡ್. ತರಗತಿಯಲ್ಲಲ್ಲ, ಕೋಲಾರ ಚಿನ್ನದ ಗಣಿಯ ಶಾಫ್ಟಿನ ಬಾಯಲ್ಲಿ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿಗೆ ಬಂದ ಮೇಲೆ ಗಣಿ ಆಳವಾಗುತ್ತಲೇ ಹೋಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹರಿಯಿತು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಮುಟ್ಟಿತು. ಅಷ್ಟು ಆಳದ ಗಣಿಗೆ ಇಳಿಯುವ ಪ್ರತಿಯೊಬ್ಬ ಕಾರ್ಮಿಕನ ಪ್ರಾಣವೂ ತೂಗುತ್ತಿದ್ದುದು ಉಕ್ಕಿನ ಹಗ್ಗದಲ್ಲಿ.

ಈ ಹಗ್ಗಕ್ಕೂ ಒಂದು ಚರಿತ್ರೆಯಿದೆ. ಹಿಂದೆ ಯುರೋಪಿನ ಗಣಿಗಳಲ್ಲಿ ಸೆಣಬಿನ ಹಗ್ಗ, ಕಬ್ಬಿಣದ ಸರಪಳಿಗಳಿದ್ದವು. ಸರಪಳಿಯ ಒಂದು ಕೊಂಡಿ ಮುರಿದರೆ ಎಲ್ಲವೂ ಮುಗಿಯಿತು. ಜರ್ಮನಿಯ ಕ್ಲೌಸ್ಟಾಲ್‌ನಲ್ಲಿದ್ದ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್ 1834ರಲ್ಲಿ ನಾಲ್ಕು ನಾಲ್ಕು ತಂತಿಗಳ ಮೂರು ಎಳೆಗಳನ್ನು ಹೊಸೆದು ತಂತಿಹಗ್ಗವನ್ನು ಬಳಕೆಗೆ ತಂದನು. ಇದರಲ್ಲಿ ಒಂದು ತಂತಿ ಹರಿದರೂ ಉಳಿದವು ಭಾರ ಹೊರುತ್ತವೆ. ಎಂದರೆ, ಹಗ್ಗವು ಮುನ್ಸೂಚನೆ ಕೊಡುತ್ತದೆ. ಆದರೆ ನೋಡುವವನಿದ್ದರೆ ಮಾತ್ರ.

ಆ ನೋಡುವಿಕೆಯನ್ನೇ ಕಾನೂನು ಕಡ್ಡಾಯ ಮಾಡಿತು. ನಮ್ಮ ದೇಶದಲ್ಲಿ 1961ರ ಲೋಹ ಗಣಿಗಳ ನಿಯಮಾವಳಿಯ ಪ್ರಕಾರ ಹಗ್ಗ, ಕೇಜ್, ಅದನ್ನು ಬಿಗಿದ ಸರಪಳಿ, ಬ್ರೇಕುಗಳನ್ನು ಅರ್ಹ ವ್ಯಕ್ತಿಯು ದಿನಕ್ಕೊಮ್ಮೆ ಪರೀಕ್ಷಿಸಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕಿತ್ತು. ಪ್ರತಿ ಪಾಳಿಯ ಆರಂಭದಲ್ಲಿ ಖಾಲಿ ಕೇಜ್ ಒಮ್ಮೆ ಕೆಳಗಿಳಿದು ಮೇಲೇರಬೇಕು. ಆಮೇಲೆಯೇ ಮೂರು ಗಂಟೆಯ ಸಂಕೇತ: ಜನ ಹತ್ತುತ್ತಿದ್ದಾರೆ ಎಂದರ್ಥ.

ಸುಮಾರು ನಲವತ್ತು ವರ್ಷಗಳ ಹಿಂದೆ, ವಿದ್ಯಾರ್ಥಿಯೊಬ್ಬನ ತಂದೆಯ ದಯೆಯಿಂದ ಅದನ್ನು ಕಣ್ಣಾರೆ ಕಂಡೆ. ಹಗ್ಗ ನಿಧಾನವಾಗಿ ಸರಿಯುತ್ತಿತ್ತು. ಅವರು ಹತ್ತಿಯ ಚಿಂದಿಯನ್ನು ಅದಕ್ಕೆ ಸುತ್ತಿ ಹಿಡಿದಿದ್ದರು. ತಂತಿ ಹರಿದಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಒಂದೆಡೆ ಎಳೆ ಸಿಕ್ಕಿತು. ಅವರು ಕೈಯೆತ್ತಿ ನಿಲ್ಲಿಸಿದರು. ಹಿಂದೆ ಪಾಳಿಯವರೆಲ್ಲ ಕಾದು ನಿಂತಿದ್ದರು; ತಮಿಳು, ತೆಲುಗು, ಕನ್ನಡಗಳಲ್ಲಿ ಗೊಣಗು ಕೇಳಿಸಿತು. ಅವರು ಅವಸರಪಡಲಿಲ್ಲ. ಕನ್ನಡಕ ಏರಿಸಿ, ಗ್ರೀಸು ಒರೆಸಿ, ಬೆರಳಿನಿಂದ ತಡವಿ ನೋಡಿದರು. ಅದು ಒಣಗಿ ಗಟ್ಟಿಯಾದ ಗ್ರೀಸಿನ ಹಕ್ಕಳೆ, ಅಷ್ಟೆ.

"ಇಷ್ಟಕ್ಕೆ ಇಷ್ಟು ಹೊತ್ತೇ?" ಎಂದೆ.

"ಮೇಷ್ಟ್ರೇ, ನನ್ನ ಅಣ್ಣನೂ ಇದೇ ಪಾಳಿಯಲ್ಲಿದ್ದಾನೆ" ಎಂದರು. "ಅವನಿಲ್ಲದ ದಿನವೂ ಇಷ್ಟೇ ಹೊತ್ತು ಹಿಡಿಯುತ್ತದೆ."

2001ರ ಫೆಬ್ರವರಿ 28ರಂದು ಆ ಗಣಿಗಳು ಮುಚ್ಚಿದವು. ನಿಮ್ಮಲ್ಲಿ ಕೆಲವರು ಇಂದು ಎತ್ತರದ ಕಟ್ಟಡಗಳನ್ನು ಕಟ್ಟಿಸುವ ಎಂಜಿನಿಯರುಗಳು. ಬೆಳಿಗ್ಗೆ ಹಾಯ್ಸ್ಟಿನ ತಪಾಸಣಾ ಪುಸ್ತಕ ನಿಮ್ಮ ಮುಂದೆ ಬಂದಾಗ, "ನೋಡಿದ್ದಾಯಿತು ಸಾರ್" ಎಂಬ ಹಳೆಯ ಅಭ್ಯಾಸ ಬೇಡ. ನೋಡಿಯೇ ಸಹಿ ಹಾಕಿ.